ಆ ಮೂರು ರೊಟ್ಟಿ ಸುಟ್ಟವರಾರು?

ಯೇಸು ಹೇಳಿದ್ದೆಂದು ಸುವಾರ್ತೆಗಳಲ್ಲಿ ದಾಖಲಾಗಿರುವ ದೃಷ್ಟಾಂತ ಕಥೆಗಳು ಮೂವತ್ತಕ್ಕೂ ಹೆಚ್ಚು. ಬಿತ್ತುವವನು, ಕುರುಬ, ದ್ರಾಕ್ಷಿತೋಟದ ಯಜಮಾನ, ಸಾಲಗಾರ, ಪಾರುಪತ್ಯಗಾರ, ರಾಜ ಎಂದು ಗಂಡಸರೇ ತುಂಬಿರುವ ಈ ಕಥೆಗಳಲ್ಲಿ ಹೆಂಗಸು ನಡುಮಧ್ಯೆ ಬಂದು ನಿಲ್ಲುವುದು ನಾಲ್ಕೇ ಕಡೆ. ಹಿಟ್ಟಿಗೆ ಹುಳಿ ಬೆರೆಸುವವಳು, ಕಳೆದ ನಾಣ್ಯ ಹುಡುಕುವವಳು, ನ್ಯಾಯಾಧೀಶನ ಬೆನ್ನುಬಿಡದ ವಿಧವೆ, ಮದಲಿಂಗನನ್ನು ಎದುರುಗೊಳ್ಳಲು ದೀಪ ಹಿಡಿದು ಹೊರಟ ಹತ್ತು ಮಂದಿ ಕನ್ಯೆಯರು. ಇನ್ನು ನೆರೆಹೊರೆ ಎಂದೊಡನೆ ಎಲ್ಲರಿಗೂ ನೆನಪಾಗುವುದು ಒಳ್ಳೆಯ ಸಮಾರ್ಯದವನ ಕಥೆ. ಅದರಲ್ಲಿ ಹೆಂಗಸಿನ ಸುಳಿವೇ ಇಲ್ಲ. ಕಳ್ಳರಿಂದ ಹಿಡಿದು ಛತ್ರದ ಯಜಮಾನನವರೆಗೆ ಎಲ್ಲರೂ ಗಂಡಸರೇ. ಸ್ತ್ರೀವಾದಿ ವ್ಯಾಖ್ಯಾನ ಈ ಎರಡು ಬಗೆಯ ಕಥೆಗಳನ್ನು ಒಟ್ಟಿಗೆ ಇಟ್ಟು ನೋಡಿತು. ಆಗ, ದಾರಿಯಲ್ಲಿ ಒಮ್ಮೆ ಎದುರಾಗುವ ನೆರೆಯವನು ಒಬ್ಬ, ದಿನವೂ ಒಂದೇ ಅಂಗಳದಲ್ಲಿ ಬದುಕುವ ನೆರೆಯವರು ಬೇರೆ ಎಂಬುದು ಕಣ್ಣಿಗೆ ಬಿತ್ತು. ಶತಮಾನಗಳ ಪ್ರವಚನವೆಲ್ಲ ಮೊದಲನೆಯವನ ಸುತ್ತಲೇ ನಡೆದಿದೆ.

ಚರ್ಚಿನ ಹಳೆಯ ಗುರುಗಳು ಈ ಕಥೆಗಳನ್ನು ರೂಪಕವಾಗಿ ಓದುತ್ತಿದ್ದರು. ಅಗಸ್ಟೀನನಿಗೆ ದಾರಿಯಲ್ಲಿ ಬಿದ್ದ ಗಾಯಾಳು ಆದಾಮ, ಸಮಾರ್ಯದವನು ಕ್ರಿಸ್ತ, ಛತ್ರ ಎಂದರೆ ಸಭೆ. ಮಹಾ ಗ್ರೆಗೊರಿ ನಾಣ್ಯ ಹುಡುಕುವ ಹೆಂಗಸನ್ನು ದೇವರ ಜ್ಞಾನವೆಂದೇ ಕರೆದ. ದೊಡ್ಡ ಮಾತೇ ಸರಿ. ಆದರೆ ಆಕೆಯನ್ನು ಅಷ್ಟೆತ್ತರಕ್ಕೆ ಏರಿಸಿದ ಮೇಲೆ ಆಕೆಯ ಮನೆ, ಪೊರಕೆ, ದೀಪದ ಎಣ್ಣೆ ಯಾರಿಗೂ ಬೇಕಾಗಲಿಲ್ಲ. 19ನೆಯ ಶತಮಾನದ ಕೊನೆಗೆ ಜರ್ಮನಿಯ ಅಡಾಲ್ಫ್ ಯೂಲಿಷರ್ ಈ ರೂಪಕದ ಓದನ್ನು ಮುರಿದರು. 1935ರಲ್ಲಿ ಸಿ.ಎಚ್. ಡಾಡ್, 1947ರಲ್ಲಿ ಯೋಆಕಿಂ ಯೆರೆಮಿಯಾಸ್ ಕಥೆಗಳನ್ನು ಮತ್ತೆ ಪ್ಯಾಲೆಸ್ತೀನಿನ ನೆಲಕ್ಕಿಳಿಸಿದರು. ಆದರೂ ಅವರು ಕಂಡ ನೆಲ ಹೆಚ್ಚಾಗಿ ಹೊಲ, ಸಂತೆ, ಹೆದ್ದಾರಿ. ಅಡುಗೆಮನೆಯತ್ತ ಅವರ ಕಣ್ಣು ಹಾಯ್ದದ್ದು ಕಡಿಮೆ.

ಆ ಬಾಗಿಲು ತಟ್ಟಿದವರಲ್ಲಿ ಮೊದಲಿಗರು ವಿದ್ವಾಂಸರಲ್ಲ, ಚಳವಳಿಗಾರರು. ಎಲಿಜಬೆತ್ ಕೇಡಿ ಸ್ಟಾಂಟನ್ ಮತ್ತು ಸಂಗಡಿಗರು ಅಮೆರಿಕದಲ್ಲಿ 1895 ಮತ್ತು 1898ರಲ್ಲಿ ಎರಡು ಭಾಗಗಳಾಗಿ ಹೊರತಂದ ‘ದಿ ವುಮನ್ಸ್ ಬೈಬಲ್’ ಎಷ್ಟು ಗದ್ದಲ ಎಬ್ಬಿಸಿತೆಂದರೆ, ಮಹಿಳೆಯರ ಮತದಾನದ ಹಕ್ಕಿಗಾಗಿ ಹೋರಾಡುತ್ತಿದ್ದ ಅವರದೇ ಸಂಘಟನೆ 1896ರಲ್ಲಿ ಆ ಪುಸ್ತಕಕ್ಕೂ ತನಗೂ ಸಂಬಂಧವಿಲ್ಲವೆಂದು ನಿರ್ಣಯ ಮಾಡಿತು. ವಿಶ್ವವಿದ್ಯಾಲಯಗಳೊಳಗೆ ಈ ಓದು ಗಟ್ಟಿಯಾಗಿ ನೆಲೆಯೂರಿದ್ದು ಎಲಿಜಬೆತ್ ಶ್ಯೂಸ್ಲರ್ ಫಿಯೊರೆಂಝಾ ಅವರ ‘ಇನ್ ಮೆಮೊರಿ ಆಫ್ ಹರ್’ ಗ್ರಂಥ 1983ರಲ್ಲಿ ಬಂದ ಮೇಲೆ. ಅವರ ವಿಧಾನದ ಮೊದಲ ಹೆಜ್ಜೆ ಸಂಶಯ. ಬರೆದವರು, ನಕಲು ಮಾಡಿದವರು, ವ್ಯಾಖ್ಯಾನಿಸಿದವರು ಗಂಡಸರಾದ್ದರಿಂದ ಬರಹದಲ್ಲಿ ಹೆಂಗಸಿಲ್ಲದಿದ್ದರೆ ಅಲ್ಲಿ ಹೆಂಗಸೇ ಇರಲಿಲ್ಲವೆಂದು ನಂಬಬಾರದು ಎಂಬುದು ಅದರ ತಿರುಳು.

ಮೊದಲ ನೋಟಕ್ಕೆ ಲೂಕನ ಸುವಾರ್ತೆ ಹೆಂಗಸರ ಪರವಾಗಿಯೇ ಕಾಣುತ್ತದೆ. ಗಂಡಸಿನ ಕಥೆಗೆ ಜೋಡಿಯಾಗಿ ಹೆಂಗಸಿನದೊಂದು ಕಥೆ ಇಡುವುದು ಲೂಕನಿಗೆ ಇಷ್ಟ. ಸಾಸಿವೆ ಬಿತ್ತಿದವನ ಪಕ್ಕದಲ್ಲಿ ಹುಳಿಹಿಟ್ಟಿನವಳು, ಕುರಿ ಕಳೆದುಕೊಂಡವನ ಪಕ್ಕದಲ್ಲಿ ನಾಣ್ಯ ಕಳೆದುಕೊಂಡವಳು, ನಡುರಾತ್ರಿ ಕದ ತಟ್ಟುವವನಿಗೆ ಎದುರಾಗಿ ನ್ಯಾಯ ಕೇಳುವ ವಿಧವೆ. ಆದರೂ ಸ್ತ್ರೀವಾದಿ ವಿದ್ವಾಂಸರಲ್ಲಿ ಲೂಕನ ಬಗ್ಗೆ ಒಮ್ಮತವಿಲ್ಲ. ನಾರ್ವೆಯ ಟುರಿಡ್ ಕಾರ್ಲ್‌ಸೆನ್ ಸೈಮ್ 1994ರಲ್ಲಿ ಲೂಕನದು ಇಬ್ಬಗೆಯ ಸಂದೇಶ ಎಂದರು. ಜೇನ್ ಶಾಬರ್ಗ್ ಇನ್ನೂ ಮುಂದೆ ಹೋಗಿ, ಹೆಂಗಸರನ್ನು ಹೊಗಳುತ್ತಲೇ ಸುಮ್ಮನಾಗಿಸುವ ಈ ಸುವಾರ್ತೆ ಅಪಾಯಕಾರಿ ಎಂದು ಎಚ್ಚರಿಸಿದರು. ದೃಷ್ಟಾಂತಗಳನ್ನು ಓದುವಾಗ ಈ ಎಚ್ಚರಿಕೆ ಪದೇಪದೇ ನೆನಪಾಗುತ್ತದೆ.

ನಾಣ್ಯದ ಕಥೆಯಲ್ಲಿ ಆಕೆಯ ಬಳಿ ಹತ್ತು ದ್ರಾಕ್ಮಾ ಬೆಳ್ಳಿ ನಾಣ್ಯಗಳಿವೆ. ಒಂದು ಕಾಣೆಯಾಗುತ್ತದೆ. ದೀಪ ಹಚ್ಚಿ, ಮನೆ ಗುಡಿಸಿ, ಸಿಗುವ ತನಕ ಹುಡುಕುತ್ತಾಳೆ. ಹಗಲೋ ಇರುಳೋ ಎಂದು ಕಥೆ ಹೇಳುವುದಿಲ್ಲ, ಹೇಳುವ ಅಗತ್ಯವೂ ಇಲ್ಲ. ಗಲಿಲಾಯ ಸರೋವರದ ದಡದ ಕಪೆರ್ನೌಮ್‌ನಲ್ಲಿ 1968ರಿಂದ ಫ್ರಾನ್ಸಿಸ್ಕನ್ ಪುರಾತತ್ತ್ವಜ್ಞರು ಅಗೆದು ತೆಗೆದ ಮನೆಗಳನ್ನು ನೋಡಿದರೆ ಸಾಕು. ಗೋಡೆ ಕಪ್ಪು ಬಸಾಲ್ಟ್ ಕಲ್ಲಿನದು, ಕೋಣೆಗಳು ಕಿರಿದು, ಬೆಳಕು ಅಷ್ಟಕ್ಕಷ್ಟೇ. ನೆಲಕ್ಕೆ ಹಾಸಿದ್ದು ಅದೇ ಕಪ್ಪು ಉಂಡೆಗಲ್ಲು. ಕಲ್ಲು ಕಲ್ಲಿನ ನಡುವಿನ ಸಂದಿಗೆ ನಾಣ್ಯ ಉರುಳಿದರೆ ಮಧ್ಯಾಹ್ನದಲ್ಲೂ ದೀಪ ಬೇಕು. ಇಂಥ ಹಲವು ಕೋಣೆಗಳು ಒಂದೇ ಅಂಗಳಕ್ಕೆ ಬಾಗಿಲು ತೆರೆಯುತ್ತಿದ್ದವು. ಒಲೆ ಅಂಗಳದಲ್ಲಿ, ಬೀಸುವ ಕಲ್ಲೂ ಅಲ್ಲೇ. ನಮ್ಮ ಹಳೆಯ ವಠಾರಗಳಂತೆ, ಒಬ್ಬರ ಮನೆಯ ಸದ್ದು ಎಲ್ಲರ ಕಿವಿಗೂ ಬೀಳುವ ಬದುಕು ಅದು.

ಹಾಗಾಗಿ ನಾಣ್ಯ ಸಿಕ್ಕಾಗ ಆಕೆ ಕರೆಯುವುದು ಅಂಗಳದ ಹೆಂಗಸರನ್ನು. ಕುರುಬ ಕರೆದವರು ಗಂಡಸರು. ಇಲ್ಲಿ ಗೆಳತಿಯರು, ನೆರೆಮನೆಯ ಹೆಂಗಸರು. ಮೂಲ ಗ್ರೀಕಿನಲ್ಲಿ ಈ ಲಿಂಗಭೇದ ಸ್ಪಷ್ಟವಾಗಿದೆ. ಗಂಡನ ಪ್ರಸ್ತಾಪವೇ ಇಲ್ಲದ ಈ ಕಥೆಯಲ್ಲಿ ವ್ಯಾಖ್ಯಾನಕಾರರು ಗಂಡನನ್ನು ತಂದು ಸೇರಿಸಿದ್ದುಂಟು. ಯೆರೆಮಿಯಾಸ್ ಆ ಹತ್ತು ನಾಣ್ಯಗಳನ್ನು ಮದುವೆಯ ತಲೆಯಾಭರಣ ಎಂದು ಊಹಿಸಿದರು. ಊಹೆಗೆ ಕಥೆಯಲ್ಲಿ ಯಾವ ಆಧಾರವೂ ಇಲ್ಲ. ದುಡ್ಡು ದುಡ್ಡೇ, ಅದು ಆಕೆಯದೇ ಎಂದು ಓದಲು ಏನಡ್ಡಿ? ಜರ್ಮನ್ ವಿದ್ವಾಂಸೆ ಲುಯಿಜೆ ಶೊಟ್ರೋಫ್ ಈ ನಾಣ್ಯವನ್ನು ಕೂಲಿಯ ಲೆಕ್ಕದಲ್ಲಿ ನೋಡಿದರು. ದ್ರಾಕ್ಮಾ ಒಂದು ಹೆಚ್ಚುಕಡಿಮೆ ಗಂಡಾಳಿನ ಒಂದು ದಿನದ ಕೂಲಿ. ಹೆಣ್ಣಾಳಿನ ಕೂಲಿ ಅದಕ್ಕಿಂತ ಕಡಿಮೆ. ಹತ್ತು ನಾಣ್ಯವೆಂದರೆ ಉಳಿಸಿ ಉಳಿಸಿ ಇಟ್ಟ ಗಂಟು, ಒಂದು ಹೋದರೆ ಒಂದು ದಿನಕ್ಕೂ ಮೀರಿದ ದುಡಿಮೆ ಹೋಯಿತು. ಲೂಕ ಕಥೆಯ ತುದಿಗೆ ಪಶ್ಚಾತ್ತಾಪಪಡುವ ಪಾಪಿಯ ನೀತಿಯನ್ನು ಅಂಟಿಸುತ್ತಾನೆ. ನಾಣ್ಯಕ್ಕೆ ಪಶ್ಚಾತ್ತಾಪಪಡಲು ಬರುವುದಿಲ್ಲ. ಕಥೆಯ ಭಾರವೆಲ್ಲ ಹುಡುಕುವವಳ ಹಟದ ಮೇಲೆ, ಆಮೇಲೆ ಸೇರುವ ಹೆಂಗಸರ ಸಂತೋಷದ ಮೇಲೆ ಬಿದ್ದಿದೆ. ಈ ಹೆಂಗಸೇ ದೇವರ ಚಿತ್ರವೆಂದು ಸ್ತ್ರೀವಾದಿಗಳು ಹೇಳಿದಾಗ ಹೊಸತೇನನ್ನೂ ಹೇಳುತ್ತಿರಲಿಲ್ಲ. ಕುರುಬನನ್ನು ದೇವರೆಂದು ಒಪ್ಪಿಕೊಂಡವರು ಪಕ್ಕದ ಕಥೆಗೂ ಅದೇ ನ್ಯಾಯ ಅನ್ವಯಿಸಲಿ ಎಂದರು, ಅಷ್ಟೆ. ಕುರಿ ಹೊತ್ತ ಕುರುಬ ರೋಮಿನ ನೆಲಮಾಳಿಗೆಯ ಸಮಾಧಿಗಳಿಂದ ಹಿಡಿದು ಎಲ್ಲ ಕಡೆ ಚಿತ್ರವಾಗಿದ್ದಾನೆ. ನಾಣ್ಯದವಳನ್ನು ಬಿಡಿಸಿದವರು ವಿರಳ. 17ನೆಯ ಶತಮಾನದಲ್ಲಿ ಇಟಲಿಯ ದೊಮೆನಿಕೊ ಫೆತ್ತಿ ಆ ವಿರಳರಲ್ಲೊಬ್ಬ.

ಹುಳಿಹಿಟ್ಟಿನ ಕಥೆ ಒಂದೇ ವಾಕ್ಯದ್ದು. ಹೆಂಗಸೊಬ್ಬಳು ಮೂರು ಅಳತೆ ಹಿಟ್ಟಿನೊಳಗೆ ಹುಳಿ ಅಡಗಿಸಿಟ್ಟಳು, ಹಿಟ್ಟೆಲ್ಲ ಹುಳಿತು. ಆ ಮೂರು ಅಳತೆ ಈಗಿನ ಲೆಕ್ಕಕ್ಕೆ ಸುಮಾರು 39 ಲೀಟರ್. ನೂರಕ್ಕೂ ಹೆಚ್ಚು ಜನ ಉಣ್ಣುವಷ್ಟು ರೊಟ್ಟಿಯಾಗುತ್ತದೆ ಎಂಬುದು ಸಾಮಾನ್ಯ ಅಂದಾಜು. ಆದಿಕಾಂಡದಲ್ಲಿ ಅಬ್ರಹಾಮನ ಮನೆಗೆ ದೇವದೂತರು ಬಂದಾಗ ಸಾರಳು ನಾದುವುದೂ ಇಷ್ಟೇ ಹಿಟ್ಟನ್ನು. ಒಂದು ಸಂಸಾರಕ್ಕೆ ಯಾರೂ ಇಷ್ಟು ನಾದುವುದಿಲ್ಲ. ತಿನ್ನುವವರು ಅಂಗಳದವರು, ಪ್ರಾಯಶಃ ಊರವರು. ಬೈಬಲ್‌ನಲ್ಲಿ ಹುಳಿ ಬೇರೆಡೆ ಹೆಚ್ಚಾಗಿ ಕೆಟ್ಟದ್ದರ ಗುರುತು. ಪೌಲನೂ ಅದನ್ನು ಬಿಸಾಡಿ ಎನ್ನುತ್ತಾನೆ. ಹೆಂಗಸು ಮತ್ತು ಹುಳಿ ಎಂಬ ಎರಡು ಕೀಳುಗಳಿಂದ ದೇವರ ರಾಜ್ಯವನ್ನು ತೋರಿಸಿದ್ದೇ ಈ ಕಥೆಯ ಚಮತ್ಕಾರ ಎಂದು ವಿವರಿಸುವ ಪರಿಪಾಠವೊಂದು ಬೆಳೆದಿದೆ. ಅಮೆರಿಕದ ಯೆಹೂದಿ ವಿದ್ವಾಂಸೆ ಏಮಿ-ಜಿಲ್ ಲಿವೈನ್ ಇದನ್ನು ಒಪ್ಪುವುದಿಲ್ಲ. ರೊಟ್ಟಿ ತಿನ್ನುವ ಯಾವ ಯೆಹೂದಿಗೂ ದಿನದ ಹುಳಿಹಿಟ್ಟು ಅಸಹ್ಯವಾಗಿರಲಿಲ್ಲ. ನಿಷೇಧವಿದ್ದದ್ದು ಪಸ್ಕದ ದಿನಗಳಿಗೆ. ಅವರ ಆಕ್ಷೇಪ ಸರಿಯಾಗಿಯೇ ಇದೆ.

ಈಜಿಪ್ಟಿನ ನಾಗ್ ಹಮ್ಮಾದಿಯ ಬಳಿ 1945ರಲ್ಲಿ ದೊರೆತ, ಕಾಪ್ಟಿಕ್ ಭಾಷೆಯ ತೋಮನ ಸುವಾರ್ತೆಯಲ್ಲೂ ಈ ಕಥೆ ಇದೆ. ಮತ್ತಾಯನಲ್ಲಿ ದೇವರ ರಾಜ್ಯ ಹುಳಿಹಿಟ್ಟಿಗೆ ಸಮಾನ; ತೋಮನಲ್ಲಿ ಆ ಹೆಂಗಸಿಗೇ ಸಮಾನ. ಅದರ ಬೆನ್ನಿಗೇ ಇನ್ನೊಂದು ವಿಚಿತ್ರ ಕಥೆ: ಹಿಟ್ಟು ತುಂಬಿದ ಮಡಕೆ ಹೊತ್ತು ದೂರದ ದಾರಿ ನಡೆಯುವವಳ ಮಡಕೆಯ ಹಿಡಿ ಮುರಿದು, ಹಿಟ್ಟು ಅವಳ ಹಿಂದೆ ಸುರಿಯುತ್ತ ಹೋಗುತ್ತದೆ. ಅವಳಿಗೆ ಗೊತ್ತಾಗುವುದು ಮನೆಗೆ ಬಂದು ಮಡಕೆ ಇಳಿಸಿದಾಗ. ಅಂಗಳ ಬಿಟ್ಟು ಒಂಟಿಯಾಗಿ ದಾರಿಗಿಳಿದ ಹೆಂಗಸಿನ ಕಥೆ ಇದೊಂದೇ. ಇದಕ್ಕೆ ಒಪ್ಪುವ ಅರ್ಥ ಹೇಳಿದವರು ಇನ್ನೂ ಯಾರೂ ಇಲ್ಲ ಎಂದರೆ ತಪ್ಪಾಗಲಾರದು.

ನಡುರಾತ್ರಿಯ ಕಥೆಯಲ್ಲಿ ಸಂಶಯದ ಓದು ಹೇಗೆ ಕೆಲಸ ಮಾಡುತ್ತದೆಂದು ಚೆನ್ನಾಗಿ ಕಾಣಬಹುದು. ಒಬ್ಬನ ಮನೆಗೆ ಹೊತ್ತಲ್ಲದ ಹೊತ್ತಿನಲ್ಲಿ ಅತಿಥಿ ಬರುತ್ತಾನೆ, ಬಡಿಸಲು ಏನೂ ಇಲ್ಲ. ಗೆಳೆಯನ ಕದ ತಟ್ಟಿ ಮೂರು ರೊಟ್ಟಿ ಸಾಲ ಕೇಳುತ್ತಾನೆ. ಒಳಗಿನಿಂದ ಗೊಣಗಾಟ: ಬಾಗಿಲು ಹಾಕಿಯಾಗಿದೆ, ಮಕ್ಕಳು ನನ್ನೊಂದಿಗೆ ಮಲಗಿದ್ದಾರೆ, ಎದ್ದು ಕೊಡಲಾಗದು. ಮಕ್ಕಳಿದ್ದಾರೆ, ಮಕ್ಕಳ ತಾಯಿ ಎಲ್ಲಿ? ಹೊರಗೆ ನಿಂತವನ ಮನೆಯಲ್ಲೂ ರೊಟ್ಟಿ ಮುಗಿದದ್ದು ಮೊದಲು ತಿಳಿದಿರಬೇಕಾದ ಹೆಂಗಸಿನ ಸುಳಿವಿಲ್ಲ. ಯಾರ ಮನೆಯಲ್ಲಿ ಇವತ್ತು ರೊಟ್ಟಿ ಸುಟ್ಟಿದ್ದಾರೆ, ಯಾರಲ್ಲಿ ಮಿಕ್ಕಿರಬಹುದು ಎಂಬುದು ಒಲೆಯ ಸುತ್ತ ಸೇರುವವರಿಗೆ ಗೊತ್ತಿರುವ ಸಂಗತಿ. ಅಷ್ಟು ಖಚಿತವಾಗಿ ಗೆಳೆಯನ ಬಾಗಿಲಿಗೇ ಬಂದವನಿಗೆ ಆ ಸುದ್ದಿ ಎಲ್ಲಿಂದ ಸಿಕ್ಕಿರಬೇಕು? ಅತಿಥಿಸತ್ಕಾರದ ಮಾನ ಗಂಡಸರದು, ರೊಟ್ಟಿ ಹೆಂಗಸರದು. ಕಥೆ ಮೊದಲನೆಯದನ್ನು ಮಾತ್ರ ಹೇಳುತ್ತದೆ. ತಪ್ಪಿಹೋದ ಮಗನ ಕಥೆಯಲ್ಲೂ ಹೀಗೇ: ತಂದೆ ಓಡಿಬಂದು ಅಪ್ಪಿಕೊಳ್ಳುತ್ತಾನೆ, ಅಣ್ಣ ಮುನಿಸಿಕೊಳ್ಳುತ್ತಾನೆ, ತಾಯಿಯ ಹೆಸರೇ ಇಲ್ಲ. ಮತ್ತಾಯನ ಕರುಣೆಯಿಲ್ಲದ ಸೇವಕನ ಕಥೆಯಲ್ಲಿ ಹೆಂಡತಿ ಬರುತ್ತಾಳೆ, ಗಂಡನ ಸಾಲ ತೀರಿಸಲು ಮಕ್ಕಳ ಜೊತೆ ಮಾರಿಬಿಡಬೇಕಾದ ಸ್ವತ್ತಾಗಿ. ಕ್ಷಮೆಯ ಬಗ್ಗೆ ಉದ್ದುದ್ದ ಉಪದೇಶ ಮಾಡುವವರು ಈ ಸಾಲಿನ ಮೇಲೆ ನಿಲ್ಲುವುದಿಲ್ಲ.

ವಿಧವೆಯ ಕಥೆಯನ್ನು ಲೂಕ ಪ್ರಾರ್ಥನೆಯ ಪಾಠವಾಗಿ ಪರಿಚಯಿಸುತ್ತಾನೆ: ಬೇಸರಪಡದೆ ಬೇಡುತ್ತಿರಿ. ಆದರೆ ಕಥೆಯೊಳಗಿನ ಹೆಂಗಸು ಬೇಡುತ್ತಿಲ್ಲ, ದಾವೆ ಹೂಡಿದ್ದಾಳೆ. ದೇವರಿಗೂ ಹೆದರದ, ಮನುಷ್ಯರನ್ನೂ ಲೆಕ್ಕಿಸದ ನ್ಯಾಯಾಧೀಶನ ಬಳಿಗೆ ಮತ್ತೆಮತ್ತೆ ಬರುತ್ತಾಳೆ. ಕೊನೆಗೆ ಆತ ಮಣಿಯುವುದು ಇವಳು ಬಂದು ಬಂದು ತನ್ನ ಮುಖಕ್ಕೇ ಗುದ್ದಿಬಿಟ್ಟಾಳು ಎಂಬ ಅಂಜಿಕೆಯಿಂದ. ಗ್ರೀಕಿನಲ್ಲಿ ಅವನು ಬಳಸುವುದು ಮುಷ್ಟಿಯುದ್ಧದ ಮಾತನ್ನೇ. ಬಾರ್ಬರಾ ರೀಡ್ ಎಂಬ ಕ್ಯಾಥೊಲಿಕ್ ಸನ್ಯಾಸಿನಿ-ವಿದ್ವಾಂಸೆ ಇಲ್ಲಿ ದೇವರ ಚಿತ್ರವನ್ನು ನ್ಯಾಯಾಧೀಶನಲ್ಲಿ ಹುಡುಕದೆ ವಿಧವೆಯಲ್ಲಿ ಕಂಡರು. ಅನ್ಯಾಯದ ಎದುರು ದಣಿಯದೆ ನಿಲ್ಲುವವಳು ಆಕೆಯೇ. ಲಿವೈನ್ ಅಷ್ಟು ಬೇಗ ಆಕೆಯನ್ನು ಸಂತಳನ್ನಾಗಿಸಲು ಒಪ್ಪಲಿಲ್ಲ. ಎದುರಾಳಿ ಏನು ಮಾಡಿದ್ದನೆಂದು ಕಥೆ ಹೇಳುವುದಿಲ್ಲ, ಆಕೆ ಕೇಳುತ್ತಿರುವುದು ಸೇಡೂ ಆಗಿರಬಹುದು ಎಂದರು.

ಅಂಥ ವಿಧವೆಯರು ನಿಜವಾಗಿ ಹೇಗೆ ಕೋರ್ಟು ಅಲೆಯುತ್ತಿದ್ದರು ಎಂಬುದಕ್ಕೆ ಅಪರೂಪದ ಸಾಕ್ಷ್ಯವೊಂದಿದೆ. ಮೃತ ಸಮುದ್ರದ ಪಶ್ಚಿಮದ ಬೆಟ್ಟದ ಗುಹೆಯೊಂದರಲ್ಲಿ 1961ರಲ್ಲಿ ಪುರಾತತ್ತ್ವಜ್ಞ ಯಿಗಾಯೆಲ್ ಯಾದಿನ್ ತಂಡಕ್ಕೆ ಬಬತಾ ಎಂಬ ಯೆಹೂದಿ ಹೆಂಗಸಿನ ಕಾಗದಪತ್ರಗಳ ಕಟ್ಟು ಸಿಕ್ಕಿತು. 35 ದಾಖಲೆಗಳು, ಕ್ರಿ.ಶ. 94ರಿಂದ 132ರವರೆಗಿನವು. ಗಂಡ ಸತ್ತ ಮೇಲೆ ಆಕೆಯ ಮಗನ ಆಸ್ತಿ ನೋಡಿಕೊಳ್ಳಲು ಪೆಟ್ರಾ ನಗರದ ಮಂಡಳಿ ಇಬ್ಬರು ಪಾಲಕರನ್ನು ನೇಮಿಸಿತ್ತು. ಮಗನ ಹೆಸರೂ ಯೇಸು. ಆ ಪಾಲಕರು ತಿಂಗಳಿಗೆ ಕೊಡುತ್ತಿದ್ದದ್ದು ಎರಡು ದಿನಾರಿ. ಇದು ಸಾಲದು ಎಂದು ಬಬತಾ ರೋಮನ್ ರಾಜ್ಯಪಾಲನವರೆಗೂ ಹೋದಳು. ದುಡ್ಡನ್ನು ನನ್ನ ಕೈಗೆ ಕೊಡಿ, ಆಸ್ತಿ ಅಡವಿಟ್ಟು ನೂರಕ್ಕೆ ತಿಂಗಳಿಗೆ ಒಂದೂವರೆ ದಿನಾರಿ ಬಡ್ಡಿ ನಾನೇ ತುಂಬುತ್ತೇನೆ ಎಂದು ಲೆಕ್ಕ ಒಪ್ಪಿಸಿದಳು. ಓದುಬರಹ ಬಾರದ ಹೆಂಗಸು. ಅವಳ ಪರವಾಗಿ ಬೇರೆಯವರು ಸಹಿ ಹಾಕಿದ್ದಾರೆ. ಅದೇ ಕಟ್ಟಿನಲ್ಲಿ ಆಕೆ ತನ್ನ ಎರಡನೆಯ ಗಂಡನಿಗೆ 300 ದಿನಾರಿ ಕೊಟ್ಟದ್ದಕ್ಕೂ ಪತ್ರವಿದೆ. ನಾಣ್ಯದವಳ ದುಡ್ಡು ಆಕೆಯದಾಗಿರಲಾರದೆಂದು ವಾದಿಸುವವರು ನೋಡಬೇಕಾದ ಕಾಗದ ಅದು. ದಾವೆಯ ಕೊನೆ? ಕ್ರಿ.ಶ. 132ರ ಆಗಸ್ಟ್ ತಿಂಗಳ ರಶೀದಿಯಲ್ಲಿ ಮೂರು ತಿಂಗಳ ಬಾಬ್ತು ಆರು ದಿನಾರಿ ಎಂದಿದೆ. ಏಳೆಂಟು ವರ್ಷ ಕಳೆದರೂ ತಿಂಗಳಿಗೆ ಎರಡೇ. ಲೂಕನ ವಿಧವೆ ಗೆದ್ದಳು, ಬಬತಾ ಗೆಲ್ಲಲಿಲ್ಲ.

ಸಮಾರ್ಯದವನು ಛತ್ರದ ಯಜಮಾನನ ಕೈಗಿಡುವುದೂ ಎರಡು ದಿನಾರಿಯೇ. ಯೆರೂಸಲೇಮಿನಿಂದ ಯೆರಿಕೋಗೆ ಸುಮಾರು 27 ಕಿಲೋಮೀಟರ್. ಅಷ್ಟರಲ್ಲಿ ದಾರಿ ಸಾವಿರ ಮೀಟರಿನಷ್ಟು ಕೆಳಗಿಳಿಯುತ್ತದೆ. ಬೆಂಗಾಡು, ಕಳ್ಳರ ಕಾಟ. ಧರ್ಮೋಪದೇಶಕನೊಬ್ಬ ತನ್ನ ನೆರೆಯವನು ಯಾರೆಂದು ಕೇಳಿದ್ದಕ್ಕೆ ಯೇಸು ಹೇಳಿದ ಕಥೆ ಇದು. ಯಾಜಕ, ಲೇವಿಯ ಇಬ್ಬರೂ ಕಂಡೂ ಕಾಣದಂತೆ ಹೋಗುತ್ತಾರೆ; ಯೆಹೂದ್ಯರಿಗೆ ಆಗದ ಸಮಾರ್ಯದವನು ನಿಲ್ಲುತ್ತಾನೆ. ಕಥೆಯ ಕೊನೆಗೆ ಪ್ರಶ್ನೆಯೇ ತಿರುಗಿ, ಆ ಗಾಯಾಳುವಿಗೆ ನೆರೆಯವನಾದದ್ದು ಯಾರು ಎಂದಾಗುತ್ತದೆ. ರಾಬರ್ಟ್ ಫಂಕ್ 1970ರ ದಶಕದಲ್ಲಿ ಈ ಕಥೆಯನ್ನು ಹಳ್ಳದಲ್ಲಿ ಬಿದ್ದವನ ಕಣ್ಣಿನಿಂದ ಓದಬೇಕೆಂದರು. ಶತ್ರುವಿನ ಕೈಯಿಂದ ನೆರವು ಪಡೆಯಬೇಕಾದವನ ಇಕ್ಕಟ್ಟೇ ಕಥೆಯ ಮೊನಚು. ಏಟು ತಿಂದು ಬಿದ್ದವರ ಜಾಗದಿಂದ ಓದುವುದು ಸ್ತ್ರೀವಾದಿಗಳಿಗೂ ಒಪ್ಪಿತವಾದ ದಾರಿ.

ಆದರೆ ಅವರ ನಿಜವಾದ ತಕರಾರು ಇನ್ನೊಂದೆಡೆ ಇದೆ. ಸಮಾರ್ಯದವನು ಮಾಡಿದ್ದನ್ನು ಒಂದೊಂದಾಗಿ ನೋಡಿದರೆ ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹಚ್ಚಿದ್ದು, ಬಟ್ಟೆ ಕಟ್ಟಿದ್ದು, ಎತ್ತಿ ಕೂರಿಸಿದ್ದು, ರಾತ್ರಿಯಿಡೀ ಆರೈಕೆ ಮಾಡಿದ್ದು. ಅಂಗಳದ ಹೆಂಗಸರು ಮುದುಕರಿಗೆ, ಬಾಣಂತಿಯರಿಗೆ, ಜ್ವರ ಬಂದ ಮಕ್ಕಳಿಗೆ ದಿನವೂ ಮಾಡುವ ಕೆಲಸ. ಗಂಡಸೊಬ್ಬ ಒಮ್ಮೆ ದಾರಿಯಲ್ಲಿ ಮಾಡಿದಾಗ ಅದು ಲೋಕಕ್ಕೆಲ್ಲ ಮಾದರಿಯಾಯಿತು. ಲೂಕ ಇದರ ಬೆನ್ನಿಗೇ, ಅದೇ ಅಧ್ಯಾಯದಲ್ಲಿ, ಮಾರ್ಥ ಮತ್ತು ಮರಿಯರ ಪ್ರಸಂಗ ಇಟ್ಟಿದ್ದಾನೆ. ಅಲ್ಲಿ ಅತಿಥಿಗಾಗಿ ದುಡಿದು ಹಣ್ಣಾದ ಮಾರ್ಥಳಿಗೆ ಸಿಗುವುದು ಬುದ್ಧಿಮಾತು; ಕಾಲಬಳಿ ಸುಮ್ಮನೆ ಕೂತ ಮರಿಯಳಿಗೆ ಮೆಚ್ಚುಗೆ. ಒಬ್ಬಳು ಬಾಯಿ ತೆರೆಯುವುದೇ ಇಲ್ಲ, ತೆರೆದವಳ ಬಾಯಿ ಮುಚ್ಚಿಸಲಾಗುತ್ತದೆ ಎಂದು ಶ್ಯೂಸ್ಲರ್ ಫಿಯೊರೆಂಝಾ 1992ರ ‘ಬಟ್ ಶಿ ಸೆಡ್’ ಗ್ರಂಥದಲ್ಲಿ ವಾದಿಸಿದ್ದಾರೆ. ಎರಡು ಪ್ರಸಂಗಗಳನ್ನು ಒಟ್ಟಿಗೆ ಓದಿದವರಿಗೆ ಈ ವಾದವನ್ನು ತಳ್ಳಿಹಾಕುವುದು ಸುಲಭವಲ್ಲ.

ಇದೇ ಕಥೆಯ ಓದಿನಲ್ಲಿ ಸ್ತ್ರೀವಾದಿಗಳೂ ಎಡವಿದ್ದಾರೆ. ಯಾಜಕ ಹೆಣದ ಮೈಲಿಗೆಗೆ ಹೆದರಿ ದಾಟಿಹೋದ, ಯೆಹೂದಿ ಧರ್ಮವೆಂದರೆ ಮಡಿ-ಮೈಲಿಗೆ, ಹೆಂಗಸರನ್ನು ಮೂಲೆಗೊತ್ತಿದ ಆ ಧರ್ಮದಿಂದ ಯೇಸು ಬಿಡುಗಡೆ ತಂದರು ಎಂಬ ಧಾಟಿಯ ಬರಹ 1970ರ ದಶಕದಲ್ಲಿ ಹೇರಳವಾಗಿ ಬಂತು. ಯೆಹೂದಿ ಸ್ತ್ರೀವಾದಿ ಜುಡಿತ್ ಪ್ಲ್ಯಾಸ್ಕೋ 1980ರಲ್ಲೇ ಇದನ್ನು ಪ್ರತಿಭಟಿಸಿದರು. ಗಂಡಾಳಿಕೆಯ ಹೊಣೆಯನ್ನೆಲ್ಲ ಯೆಹೂದ್ಯರ ತಲೆಗೆ ಕಟ್ಟುವುದು ಹಳೆಯ ದ್ವೇಷದ ಹೊಸ ವೇಷ ಎಂಬುದು ಅವರ ಮಾತಿನ ಸಾರ. ಲಿವೈನ್ ಕಥೆಯ ವಿವರವನ್ನೇ ಹಿಡಿದು ಉತ್ತರಿಸಿದರು. ಯಾಜಕ ಯೆರೂಸಲೇಮಿನಿಂದ ಇಳಿದು ಬರುತ್ತಿದ್ದಾನೆ, ದೇವಾಲಯದ ಸೇವೆಗೆ ಹೋಗುತ್ತಿಲ್ಲ. ಲೇವಿಯರಿಗೆ ಹೆಣ ಮುಟ್ಟಬಾರದೆಂಬ ಅಂಥ ಕಟ್ಟೂ ಇಲ್ಲ. ದಿಕ್ಕಿಲ್ಲದ ಹೆಣ ಕಂಡರೆ ಮಹಾಯಾಜಕನೇ ಆದರೂ ಮಣ್ಣು ಮಾಡಬೇಕೆಂದು ಯೆಹೂದ್ಯರ ಮಿಶ್ನಾ ವಿಧಿಸುತ್ತದೆ. ಅವರಿಬ್ಬರದು ಧರ್ಮಪಾಲನೆಯಲ್ಲ, ಧರ್ಮ ತಪ್ಪಿದ್ದು. ನೆರೆಯವರನ್ನು ಪ್ರೀತಿಸಬೇಕೆಂಬ ಕಟ್ಟಳೆಯೂ ಯೆಹೂದ್ಯರ ಯಾಜಕಕಾಂಡದ್ದೇ. ನೆರೆಯವನ ಕಥೆ ಹೇಳುತ್ತ ಹೇಳುತ್ತ ಪಕ್ಕದ ಧರ್ಮದವರನ್ನು ಹಳ್ಳಕ್ಕೆ ತಳ್ಳಿದ ಓದು ಅದಾಗಿತ್ತು.

ಉಳಿದದ್ದು ಹತ್ತು ಕನ್ಯೆಯರು. ಸ್ತ್ರೀವಾದಿ ಓದಿಗೆ ಅತಿ ಕಷ್ಟ ಕೊಡುವ ಕಥೆ ಇದೇ. ಐವರು ಜಾಣೆಯರ ಬಳಿ ಎಣ್ಣೆಯಿದೆ, ಐವರು ದಡ್ಡಿಯರ ದೀಪ ಆರುತ್ತಿದೆ. ಕೇಳಿದರೆ ಜಾಣೆಯರು ಕೊಡುವುದಿಲ್ಲ, ಅಂಗಡಿಗೆ ಹೋಗಿ ಎನ್ನುತ್ತಾರೆ. ಅದು ನಡುರಾತ್ರಿ. ಹೋಗಿ ಬರುವಷ್ಟರಲ್ಲಿ ಬಾಗಿಲು ಮುಚ್ಚಿರುತ್ತದೆ. ಒಳಗಿನಿಂದ ಮದಲಿಂಗ ನಿಮ್ಮ ಗುರುತೇ ಇಲ್ಲವೆನ್ನುತ್ತಾನೆ. ಸ್ಟಾಂಟನ್ ಜಾಣೆಯರ ಪರ ನಿಂತಿದ್ದರು: ಗಂಡ, ಅಣ್ಣ, ಮಗ ಎಂದು ಇತರರ ದೀಪಕ್ಕೆ ಎಣ್ಣೆ ಎರೆದು ತಾವು ಕತ್ತಲಲ್ಲಿ ಉಳಿಯುವ ಹೆಂಗಸರೇ ದಡ್ಡಿಯರು, ತಮ್ಮ ಓದು-ಬುದ್ಧಿ ಬೆಳೆಸಿಕೊಂಡವರು ಜಾಣೆಯರು. ಓದುವ ಹಕ್ಕಿಗಾಗಿಯೇ ಬಡಿದಾಡಬೇಕಿದ್ದ ಕಾಲಕ್ಕೆ ಒಪ್ಪುವ ಮಾತು. ನೂರು ವರ್ಷದ ನಂತರ, ಮೇರಿ ಆ್ಯನ್ ಬೀವಿಸ್ 2002ರಲ್ಲಿ ಸಂಪಾದಿಸಿದ ‘ದಿ ಲಾಸ್ಟ್ ಕಾಯಿನ್’ ಸಂಕಲನದಲ್ಲಿ ವಿಕಿ ಬಲಬಾನ್‌ಸ್ಕಿ ಮುಚ್ಚಿದ ಬಾಗಿಲಿನ ಹೊರಗೆ ನಿಂತು ಅದೇ ಕಥೆಯನ್ನು ಓದಿದರು. ಹೆಂಗಸರನ್ನು ಜಾಣೆ, ದಡ್ಡಿ ಎಂದು ಎರಡು ಮಾಡಿ, ಒಬ್ಬರಿಗೊಬ್ಬರು ನೆರೆಯವರಾಗದಂತೆ ಮಾಡುವುದೇ ಈ ಕಥೆಯ ತೊಡಕೆಂದು ಇಂಥ ಓದುಗರಿಗೆ ಕಾಣುತ್ತದೆ. ಜರ್ಮನಿಯ ಮಾಗ್ಡೆಬುರ್ಗ್ ಕತೀಡ್ರಲ್ಲಿನ ಬಾಗಿಲಲ್ಲಿ ಸುಮಾರು 1250ರಲ್ಲಿ ಕೆತ್ತಿದ ಹತ್ತು ಮೂರ್ತಿಗಳಿವೆ: ಐವರು ನಗುತ್ತಿದ್ದಾರೆ, ಐವರು ಎದೆ ಬಡಿದುಕೊಂಡು ಅಳುತ್ತಿದ್ದಾರೆ. ಶಿಲ್ಪಿಯ ಕೈ ಹೆಚ್ಚು ಪಳಗಿರುವುದು ಅಳುವವರಲ್ಲಿ.

ಈ ಕಥೆಯನ್ನು ಮೆತ್ತಗಾಗಿಸುವ ಪ್ರಯತ್ನಗಳು ಹಲವು ನಡೆದಿವೆ. ಎಣ್ಣೆಯೆಂದರೆ ಪುಣ್ಯಕಾರ್ಯ, ಅದನ್ನು ಹಂಚಿಕೊಳ್ಳಲಾಗದು ಎಂಬುದು ಅವುಗಳಲ್ಲಿ ಹಳೆಯದು. ಅದನ್ನು ಒಪ್ಪದವರು ಮತ್ತಾಯನನ್ನೇ ಸಾಕ್ಷಿಗೆ ಕರೆಯುತ್ತಾರೆ. ಇಪ್ಪತ್ತೈದನೆಯ ಅಧ್ಯಾಯ ಕನ್ಯೆಯರ ಕಥೆಯಿಂದ ಆರಂಭವಾಗಿ ಕೊನೆಯ ತೀರ್ಪಿನ ಚಿತ್ರದಿಂದ ಮುಗಿಯುತ್ತದೆ. ಅಲ್ಲಿ ಒಳಗೆ ಕರೆಸಿಕೊಳ್ಳುವವರು ಹಸಿದವರಿಗೆ ಅನ್ನ, ಬಾಯಾರಿದವರಿಗೆ ನೀರು ಕೊಟ್ಟವರು, ಗುರುತಿಲ್ಲದವರನ್ನು ಮನೆಗೆ ಸೇರಿಸಿಕೊಂಡವರು. ಎಣ್ಣೆ ಕೊಡದ ಐವರು ಈ ತೀರ್ಪಿನಲ್ಲಿ ಯಾವ ಪಕ್ಕಕ್ಕೆ ನಿಲ್ಲಬೇಕಾಗುತ್ತಿತ್ತು ಎಂಬ ಪ್ರಶ್ನೆಗೆ ಮತ್ತಾಯನಲ್ಲಿ ಉತ್ತರವಿಲ್ಲ.